ಬಣ್ಣ ತೊರೆದ ಬಟ್ಟೆ

ಉತ್ತರ ಅಮೆರಿಕದ ಕರಾವಳಿ ಪ್ರಾಂತಗಳು ಇಂಗ್ಲೆಂಡಿನ ಅಧೀನದಲ್ಲಿದ್ದ ಕಾಲ. 1742ರ ಸುಮಾರಿನಲ್ಲಿ ನ್ಯೂಜೆರ್ಸಿಯ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಜಾನ್ ವುಲ್ಮನ್ ಎಂಬ ಯುವಕ ಲೆಕ್ಕಪತ್ರ ನೋಡಿಕೊಂಡಿದ್ದ. ಒಂದು ದಿನ ಯಜಮಾನನು ಅವನಿಗೆ ಕ್ರಯಪತ್ರವೊಂದನ್ನು ಬರೆಯುವಂತೆ ಹೇಳಿದ. ಮಾರಾಟವಾಗಿದ್ದವಳು ಯಜಮಾನನ ಗುಲಾಮಳಾಗಿದ್ದ ಒಬ್ಬ ಕರಿಯ ಹೆಂಗಸು. ಕೊಂಡವನು ವಯೋವೃದ್ಧ, ಸಾಲದುದಕ್ಕೆ ವುಲ್ಮನ್ನನ ಧರ್ಮಬಾಂಧವ. ಅವನು ಎದುರಿಗೇ ಕಾದು ನಿಂತಿದ್ದ. ಯುವಕ ಪತ್ರವನ್ನು ಬರೆದ. ಆದರೆ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪುವಂಥದಲ್ಲವೆಂದು ಆ ಇಬ್ಬರ ಮುಂದೆಯೇ ಹೇಳಿದ. ಹೇಳಿದ್ದರಿಂದ ಮನಸ್ಸಿನ ಭಾರ ತುಸು ಇಳಿಯಿತು, ಪೂರ್ತಿಯಾಗಿ ಇಳಿಯಲಿಲ್ಲ. ಮಾತು ಒಂದು ಕಡೆ, ಕೈಬರಹ ಇನ್ನೊಂದು ಕಡೆ ಸಾಕ್ಷಿ ನುಡಿಯುತ್ತಿದ್ದರೆ ಅಂತರಂಗಕ್ಕೆ ನೆಮ್ಮದಿ ಎಲ್ಲಿಯದು?

ವುಲ್ಮನ್ ಕ್ವೇಕರ್ ಪಂಥದವನು. ಆಗ ಆ ಪಂಥದ ಸಭೆಯಲ್ಲಿ ಪುರೋಹಿತನಿರಲಿಲ್ಲ, ಪೂಜಾವಿಧಿಯಿರಲಿಲ್ಲ. ಎಲ್ಲರೂ ಮೌನವಾಗಿ ಕುಳಿತು, ದೇವರ ಬೆಳಕು ತಮ್ಮೊಳಗೆ ಏನನ್ನು ತೋರುವುದೆಂದು ಕಾಯುತ್ತಿದ್ದರು. ಹಾಗೆ ಕಾಣಿಸಿದುದನ್ನು ನಿತ್ಯಜೀವನದಲ್ಲಿ ನಡೆಸಿ ತೋರಿಸುವುದೇ ಅವರಿಗೆ ಆರಾಧನೆಯಾಗಿತ್ತು. ಆದುದರಿಂದ ವುಲ್ಮನ್ನನ ಭಕ್ತಿ ಅವನ ಲೇಖನಿಗೆ, ತಕ್ಕಡಿಗೆ, ಊಟದ ತಟ್ಟೆಗೆ, ತಲೆಯ ಮೇಲಿನ ಟೋಪಿಗೆ ಒಂದೊಂದಾಗಿ ಇಳಿದು ಬಂತು.

ಮೊದಲು ತಿದ್ದಿಕೊಂಡದ್ದು ಲೇಖನಿ. ಉಯಿಲುಗಳನ್ನು ಬರೆದುಕೊಡುವುದು ಅವನಿಗೆ ಒಂದು ಸಂಪಾದನೆಯ ಮಾರ್ಗವಾಗಿತ್ತು. ಒಮ್ಮೆ ನೆರೆಯವನೊಬ್ಬ ಪೆಟ್ಟು ತಗಲಿ ಹಾಸಿಗೆ ಹಿಡಿದಾಗ ಉಯಿಲು ಬರೆದುಕೊಡುವಂತೆ ಇವನನ್ನು ಕೇಳಿಕೊಂಡ. ಗುಲಾಮ ಹುಡುಗಿಯೊಬ್ಬಳು ಇಂಥ ಮಗುವಿಗೆ ಸೇರಬೇಕೆಂಬುದೂ ಅವನ ಇಚ್ಛೆಗಳಲ್ಲಿ ಒಂದಾಗಿತ್ತು. ನೋವಿನಲ್ಲಿ ನರಳುವವನೊಡನೆ ವಾದಕ್ಕಿಳಿಯುವುದು ತರವೇ? ಬರೆಯದೆ ಹಿಂದಿರುಗುವುದು ಸರಿಯೇ? ವುಲ್ಮನ್ ಆ ಒಂದು ಅಂಶವನ್ನು ಬಿಟ್ಟು ಉಳಿದುದೆಲ್ಲವನ್ನೂ ಬರೆದು, ಹಾಸಿಗೆಯ ಬಳಿ ಓದಿ ಹೇಳಿದ. ಮಾಡಿದ ಕೆಲಸಕ್ಕೆ ಹಣ ಬೇಡವೆಂದ. ಉಳಿದ ಭಾಗವನ್ನು ತನ್ನ ಕೈ ಬರೆಯಲಾರದೆಂದು ಸ್ನೇಹದಿಂದಲೇ ತಿಳಿಸಿದ. ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಕೊನೆಗೆ ರೋಗಿಯು ಹುಡುಗಿಯ ಬಿಡುಗಡೆಗೆ ಒಪ್ಪಿದ, ಉಯಿಲು ಪೂರ್ಣವಾಯಿತು.

ಆಮೇಲೆ ಅಂಗಡಿಯ ಸರದಿ. ಸ್ವಂತ ವ್ಯಾಪಾರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಸಿರಿವಂತನಾಗುವ ದಾರಿ ತೆರೆದಿತ್ತು. ಆದರೆ ಬಡವರು ಬೇಕಿಲ್ಲದ ಸಾಮಾನನ್ನು ಕಡ ತಂದು ಸಾಲದಲ್ಲಿ ಸಿಲುಕುವುದನ್ನು ಅವನು ನಿತ್ಯ ಕಾಣುತ್ತಿದ್ದ. ಇನ್ನು ಮುಂದೆ ಬೇರೆ ಅಂಗಡಿ ನೋಡಿಕೊಳ್ಳಿರೆಂದು ಗಿರಾಕಿಗಳಿಗೆ ಮುಂಚಿತವಾಗಿಯೇ ತಿಳಿಸಿ, 1756ರ ವೇಳೆಗೆ ವ್ಯಾಪಾರವನ್ನು ಬಿಟ್ಟ. ದರ್ಜಿಯ ಕೆಲಸ, ಸೇಬಿನ ತೋಟ ಇವೆರಡೇ ಸಂಸಾರಕ್ಕೆ ಸಾಕೆಂದುಕೊಂಡ. ನಷ್ಟ ಬಂದು ಅಂಗಡಿ ಮುಚ್ಚುವವರನ್ನು ಲೋಕ ಕಂಡಿದೆ. ಲಾಭ ಹೆಚ್ಚಿತೆಂದು ಮುಚ್ಚಿದವನು ಇವನು!

1757ರಲ್ಲಿ ಅವನು ದಕ್ಷಿಣದ ಪ್ರಾಂತಗಳಿಗೆ ಹೋದ. ಗುಲಾಮರ ದುಡಿಮೆಯಿಂದ ನಡೆಯುವ ಮನೆಗಳಲ್ಲಿ ಪುಕ್ಕಟೆ ಊಟ ಮಾಡಲು ಮನಸ್ಸೊಪ್ಪದೆ, ಆ ಸೇವಕರಿಗೆ ಬೆಳ್ಳಿಯ ನಾಣ್ಯಗಳನ್ನು ಸಲ್ಲಿಸುತ್ತಿದ್ದ. ಮುಂದೆ ಗುಲಾಮರು ಬೆಳೆದ ಸಕ್ಕರೆಯನ್ನೂ ದೂರಮಾಡಿದ. ಎಷ್ಟೋ ಹಿಂದೆ, ಸತ್ತವರೊಬ್ಬರ ಆಸ್ತಿಯ ನಿರ್ವಾಹಕನಾಗಿದ್ದಾಗ, ಮೂವತ್ತು ವರ್ಷ ತುಂಬುವವರೆಗೆ ದುಡಿಯಬೇಕೆಂಬ ಕರಾರಿನ ಮೇಲೆ ಒಬ್ಬ ಹುಡುಗನನ್ನು ಮಾರಿದುದರಲ್ಲಿ ಅವನೂ ಪಾಲುಗಾರನಾಗಿದ್ದ. ಆ ನೆನಪು ನಡುವಯಸ್ಸಿನಲ್ಲಿ ಮುಳ್ಳಾಗಿ ಚುಚ್ಚಿತು. ಹುಡುಗನ ಸೇವಾವಧಿಯ ಕೊನೆಯ ಕೆಲವು ವರ್ಷಗಳ ಬೆಲೆಯನ್ನು ತಾನೇ ತೆರುವುದಾಗಿ ಪತ್ರ ಬರೆದುಕೊಟ್ಟ. ಪಶ್ಚಾತ್ತಾಪ ಅವನ ಪಾಲಿಗೆ ಕಣ್ಣೀರಿನಲ್ಲಿ ಮುಗಿಯುವ ಸಂಗತಿಯಾಗಿರಲಿಲ್ಲ. ಅದಕ್ಕೊಂದು ಮೊತ್ತವಿತ್ತು, ಸಲ್ಲಿಸಬೇಕಾದ ಗಡುವಿತ್ತು.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆ ಬಟ್ಟೆಯದು. ಬಣ್ಣ ಕೊಳೆಯನ್ನು ಮರೆಮಾಚುತ್ತದೆ, ನೂಲನ್ನು ಕೆಡಿಸುತ್ತದೆ, ವೃಥಾ ಖರ್ಚನ್ನು ಹೆಚ್ಚಿಸುತ್ತದೆ ಎಂದು ತೋರಿ, 1761ರ ಕಾಯಿಲೆಯ ತರುವಾಯ, ತುಪ್ಪಳದ ಸಹಜವರ್ಣದ ಟೋಪಿಯನ್ನೂ ಬಣ್ಣ ಹಾಕದ ಉಡುಪನ್ನೂ ತೊಡಲು ನಿಶ್ಚಯಿಸಿದ. ವಿಧಿಯ ವಿನೋದವೆಂದರೆ, ಬಿಳಿ ಟೋಪಿ ಆಗ ಶೋಕಿಗಾರರ ಹೊಸ ಮೋಜಾಗಿತ್ತು! ಸರಳತೆಗೆಂದು ಧರಿಸಿದುದು ಒಯ್ಯಾರವೆಂದು ಕೆಲವರಿಗೆ ತೋರಿತು. ಎಲ್ಲರಿಗಿಂತ ಬೇರೆಯಾಗಿ ಕಾಣುವ ಹಂಬಲವೆಂದು ಇನ್ನು ಕೆಲವರು ಬಗೆದರು. ಆತ್ಮೀಯರಲ್ಲಿಯೂ ಕೆಲವರು ದೂರ ಸರಿದರು. ಹೊರಗಿನ ನಿಂದೆಯನ್ನು ಸಹಿಸಬಹುದು. ಆದರೆ ತ್ಯಾಗದ ಬೆನ್ನಿಗೇ ನೆರಳಿನಂತೆ ಬರುವ ಅಹಂಕಾರ ತನ್ನೊಳಗೂ ಹೊಕ್ಕಿತೇ ಎಂಬ ಪ್ರಶ್ನೆಗೆ ಭಕ್ತನಾದವನು ಒಬ್ಬನೇ ಉತ್ತರ ಹುಡುಕಬೇಕು. ವುಲ್ಮನ್ ಯಾರನ್ನೂ ಹಳಿಯಲಿಲ್ಲ, ತನ್ನಂತೆ ಉಡಿರೆಂದು ಯಾರನ್ನೂ ಬಲಾತ್ಕರಿಸಲಿಲ್ಲ. ಉಡುಪನ್ನು ಮಾತ್ರ ಬದಲಿಸಲಿಲ್ಲ.

ಒಬ್ಬ ದರ್ಜಿ ಬಣ್ಣದ ಬಟ್ಟೆ ಬಿಟ್ಟರೆ ಗುಲಾಮಗಿರಿ ಅಳಿದೀತೇ ಎಂದು ಕೇಳಬಹುದು. ಅಷ್ಟರಿಂದಲೇ ಅಳಿಯಲಿಲ್ಲ, ಅಮೆರಿಕದಲ್ಲಿ ಅದಕ್ಕೆ ಕಾನೂನಿನ ಕೊನೆ ಬಂದುದು 1865ರಲ್ಲಿ, ಘೋರ ಅಂತರ್ಯುದ್ಧದ ನಂತರ. ಆದರೆ ವುಲ್ಮನ್ ಬರಿಯ ವ್ರತಧಾರಿಯಾಗಿ ಮನೆಯಲ್ಲಿ ಕುಳಿತವನಲ್ಲ. 1754ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಪ್ರಕಟಿಸಿದ. 1758ರ ಫಿಲಡೆಲ್ಫಿಯ ವಾರ್ಷಿಕ ಸಭೆಯಲ್ಲಿ ಎದ್ದು ಮಾತನಾಡಿದ. ಗುಲಾಮರನ್ನಿಟ್ಟುಕೊಂಡ ಧರ್ಮಬಾಂಧವರ ಮನೆಮನೆಗೆ ಹೋಗಿ ತಿಳಿಹೇಳಿದ. ಆ ಮನೆಗಳ ಬಾಗಿಲು ತಟ್ಟಿದವನ ಕೈ ತನ್ನ ಮಟ್ಟಿಗೆ ಶುದ್ಧವಾಗಿತ್ತು. ಮಾತಿಗೆ ತೂಕ ಬಂದುದು ಅದರಿಂದ.

1772ರಲ್ಲಿ ಅವನು ಇಂಗ್ಲೆಂಡಿಗೆ ಹೊರಟ. ಹಡಗಿನ ಅಲಂಕೃತ ಕೋಣೆಯನ್ನು ಒಲ್ಲದೆ, ಕೆಳಗಿನ ಉಸಿರುಗಟ್ಟುವ ಭಾಗದಲ್ಲಿ ನಾವಿಕರೊಡನೆ ಪಯಣಿಸಿದ. ಅಲ್ಲಿಯ ವೇಗದ ಕುದುರೆಗಾಡಿಗಳಿಂದ ಕುದುರೆಗಳು ಸಾಯುತ್ತವೆ, ಅಂಚೆಯ ಹುಡುಗರು ಚಳಿಯಲ್ಲಿ ಸೆಡೆಯುತ್ತಾರೆ ಎಂದು ಕೇಳಿ, ಲಂಡನ್ನಿನಿಂದ ಉತ್ತರದ ಯಾರ್ಕ್‌ವರೆಗೆ ಕಾಲ್ನಡಿಗೆಯಲ್ಲಿಯೇ ಸಾಗಿದ. ಅಲ್ಲಿ ಸಿಡುಬು ತಗಲಿ, ಅಕ್ಟೋಬರ್ 7ರಂದು ತೀರಿಕೊಂಡ. ಹೆಂಡತಿ ಮಗಳು ಸಾಗರದಾಚೆಯಲ್ಲಿದ್ದರು. ವಯಸ್ಸು ಇನ್ನೂ ಐವತ್ತೆರಡು ತುಂಬಿರಲಿಲ್ಲ.

ನಾಲ್ಕು ವರ್ಷ ಕಳೆದು, 1776ರಲ್ಲಿ, ಫಿಲಡೆಲ್ಫಿಯದ ಅದೇ ವಾರ್ಷಿಕ ಸಭೆಯು ಗುಲಾಮರನ್ನು ಇಟ್ಟುಕೊಂಡವರಿಗೆ ತನ್ನಲ್ಲಿ ಸ್ಥಾನವಿಲ್ಲವೆಂದು ಸಾರಿತು. ಬಿಳಿಯ ಟೋಪಿಯನ್ನು ಕಂಡು ಮುಖ ತಿರುಗಿಸಿದ ಸಮಾಜವೇ ಆ ಹೊತ್ತಿಗೆ ಅವನು ತೋರಿದ ದಾರಿಗೆ ಬಂದು ನಿಂತಿತ್ತು.