ಹಳೆಯ ಕಂಪ್ಯೂಟರಿಗೆ ಹೊಸ ಅಂಗಗಳು

ಹಳೆಯದೆಂಬ ಒಂದೇ ಕಾರಣಕ್ಕೆ ವಸ್ತುವನ್ನು ಹೊರಗೆಸೆಯುವ ರೂಢಿಯು ನಮ್ಮ ಯಲಬುರ್ಗಾ ಸೀಮೆಯ ಮನೆತನಗಳಲ್ಲಿಲ್ಲ. ಕೊಡಲಿಯ ಕಾವು ಮುರಿದರೆ ಕಾವನ್ನಷ್ಟೇ ಬದಲಿಸುವೆವು. ನಾವು ಚಿಕ್ಕವರಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಯಿಂದ ತಂದಿದ್ದ ಕಿನ್ನಾಳದ ಮರದ ಕುದುರೆಯೊಂದರ ಕಾಲು ಮುರಿದು ಬಿದ್ದಿತು. ನಮ್ಮ ತಾಯಿಯವರು ಹುಣಸೆಬೀಜದ ಅಂಟನ್ನು ಕಾಯಿಸಿ ಆ ಕಾಲನ್ನು ಮತ್ತೆ ಕೂಡಿಸಿಕೊಟ್ಟರು. ಆಟಿಕೆಗೆ ಇಷ್ಟು ಶ್ರಮವೇಕೆಂದು ಅವರು ಕೇಳಲಿಲ್ಲ. ಆ ಸಂಗತಿಯು ನಮಗೆ ಮರೆತೇ ಹೋಗಿದ್ದಿತು. 2025ನೆಯ ಇಸವಿಯಲ್ಲಿ ನಮ್ಮ ಮಗನು ಅದನ್ನು ನೆನಪಿಗೆ ತರುವಂತೆ ಮಾಡಿದನು.

ಮಗನು ಕೊಪ್ಪಳದಲ್ಲಿ ಪದವಿಪೂರ್ವ ತರಗತಿಯಲ್ಲಿ ಓದುತ್ತ, ಇಬ್ಬರು ಗೆಳೆಯರೊಡನೆ ಒಂದು ಕೋಣೆಯಲ್ಲಿದ್ದನು. ಊಟಕ್ಕೆ ಒಂದು ಖಾನಾವಳಿಯನ್ನು ಗೊತ್ತುಮಾಡಿಕೊಟ್ಟಿದ್ದೆವು. ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದನು. ಬಂದಾಗಲೆಲ್ಲ ಹಿಂದಿನ ಸಲಕ್ಕಿಂತ ತೆಳ್ಳಗಾಗಿರುತ್ತಿದ್ದನು. ಓದಿನ ಭಾರವಿರಬಹುದೆಂದು ನಾವು ಸುಮ್ಮನಿದ್ದೆವು. ಫೆಬ್ರುವರಿಯಲ್ಲಿ ಕಾರ್ಯನಿಮಿತ್ತ ಕೊಪ್ಪಳಕ್ಕೆ ಹೋದವರು ಖಾನಾವಳಿಯತ್ತ ತಿರುಗಿದೆವು. ಅದನ್ನು ನಡೆಸುವ ತಾಯಿಯು ನಮ್ಮನ್ನು ಬದಿಗೆ ಕರೆದು, "ನಿಮ್ಮ ಹುಡುಗ ರಾತ್ರಿ ಊಟಕ್ಕ ಬರೂದು ಬಿಟ್ಟು ಎರಡು ತಿಂಗಳಾತ್ರಿ. ಒಂದ ಹೊತ್ತಿನ ರೊಕ್ಕಾ ಕೊಡ್ತಾನ" ಎಂದಳು.

ರಾತ್ರಿಯ ಊಟದ ಹಣವನ್ನು ಅವನು ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಆಟ ಆಡಿಸುವ ಅಂಗಡಿಯೊಂದಕ್ಕೆ ಕೊಡುತ್ತಿದ್ದನೆಂದು ಆ ದಿನ ತಿಳಿಯಿತು. ನಮಗೆ ಬಂದ ಸಿಟ್ಟನ್ನು ಇಲ್ಲಿ ವರ್ಣಿಸುವುದಿಲ್ಲ. ಫೋನಿನಲ್ಲಿ ಹಣ ಹೂಡಿ ಆಡುವ ಆಟಗಳಿಂದ ಮನೆ ಹಾಳಾದ ಸುದ್ದಿಗಳು ಆಗ ದಿನವೂ ಕಿವಿಗೆ ಬೀಳುತ್ತಿದ್ದವು. ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಅದೇ ವರ್ಷದ ಆಗಸ್ಟಿನಲ್ಲಿ ಮಾಡಿತು. ಇದೂ ಜೂಜೇ ಎಂದು ನಾವು ತಿಳಿದೆವು. ಮಗನು ತಲೆ ಬಾಗಿಸಿ, "ರೊಕ್ಕಾ ಹಚ್ಚೂ ಆಟ ಅಲ್ಲಪಾ, ಬರೇ ಆಟ" ಎಂದನು. ವಿಚಾರಿಸಿದಾಗ ಅದು ನಿಜವಾಗಿದ್ದಿತು. ಮನೆಯಾಕೆಯು ಹಣದ ಮಾತನ್ನೇ ಎತ್ತಲಿಲ್ಲ. ಎರಡು ತಿಂಗಳು ರಾತ್ರಿ ಹಸಿದು ಮಲಗಿದನಲ್ಲಾ ಎಂಬುದೊಂದೇ ಅವಳ ದುಃಖವಾಗಿದ್ದಿತು.

ಹೊಡೆದು ಬಡಿದು ಬಿಡಿಸಬಹುದಾದ ಚಟ ಇದಲ್ಲವೆಂದು ಬಹಳ ಯೋಚಿಸಿ ನಿಶ್ಚಯಿಸಿದೆವು. ಮನೆಯಲ್ಲಿ ಒಂದು ಕಂಪ್ಯೂಟರು ಇದ್ದೇ ಇದ್ದಿತು. ಹಿರಿಯ ಮಗಳ ಓದಿಗೆಂದು 2013ರಲ್ಲಿ ಕೊಂಡದ್ದು. ಆಕೆಯು ಮದುವೆಯಾಗಿ ಗಂಗಾವತಿಗೆ ಹೋದ ಮೇಲೆ ಅದರ ಮೇಲೆ ಒಂದು ಬಟ್ಟೆ ಹೊದಿಸಿ ಇಟ್ಟಿದ್ದೆವು. ಅದನ್ನೇ ಆಟಕ್ಕೆ ತಕ್ಕಂತೆ ಮಾಡಬಹುದೇ ಎಂದು ಮಗನನ್ನು ಕೇಳಿದೆವು. ಆ ವರ್ಷದ ಕಡಲೆ ಮಾರಿದ ಹಣದಲ್ಲಿ 10,000 ರೂಪಾಯಿಗಳನ್ನು ತೆಗೆದಿಟ್ಟು, ಇದಕ್ಕೆ ಮೀರಿ ಒಂದು ಪೈಯೂ ಇಲ್ಲ, ಕೊಳ್ಳುವ ಪ್ರತಿಯೊಂದು ವಸ್ತುವೂ ಏಕೆ ಬೇಕೆಂದು ಬರೆದು ತೋರಿಸತಕ್ಕದ್ದು ಎಂದು ಕಟ್ಟು ಮಾಡಿದೆವು.

ಮೊದಲು ಹೋದ ಅಂಗಡಿಯವರು ಯಂತ್ರವನ್ನು ತೆರೆದೂ ನೋಡದೆ, ಇದನ್ನು ಗುಜರಿಗೆ ಹಾಕಿ 50,000 ರೂಪಾಯಿಯ ಹೊಸದನ್ನು ಕೊಳ್ಳಿರೆಂದರು. ಮಗನು ಬರೆದು ತಂದ ಮೊದಲ ಪಟ್ಟಿಯಲ್ಲಿಯಾದರೋ ಒಂದೇ ವಸ್ತುವಿದ್ದಿತು: 22,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡು. ಎರಡನ್ನೂ ಬದಿಗಿಟ್ಟು, ಈ ಯಂತ್ರಕ್ಕೆ ಏನು ಕೊರತೆಯಾಗಿದೆಯೆಂಬುದನ್ನು ಮೊದಲು ತಿಳಿಯೋಣವೆಂದು ತಂದೆ ಮಕ್ಕಳಿಬ್ಬರೂ ಕುಳಿತೆವು.

ಹೊದಿಕೆಯ ತಗಡನ್ನು ಬಿಚ್ಚಿದಾಗ ಮೊದಲು ಕಂಡದ್ದು ನಮ್ಮ ಎರೆಹೊಲದ ಮಣ್ಣೇ. ಹನ್ನೆರಡು ವರ್ಷಗಳ ಧೂಳು ಪ್ರೊಸೆಸರಿನ ಮೇಲಣ ಫ್ಯಾನಿಗೆ ಕಂಬಳಿಯಂತೆ ಮೆತ್ತಿಕೊಂಡಿದ್ದಿತು. ಪ್ರೊಸೆಸರು ಅತಿಯಾಗಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಮೃದುವಾದ ಕುಂಚದಿಂದ ಧೂಳನ್ನು ತೆಗೆದು, ಒಣಗಿ ಹಿಟ್ಟಾಗಿದ್ದ ಹಳೆಯ ಪೇಸ್ಟನ್ನು ಒರೆಸಿ, 120 ರೂಪಾಯಿಯ ಹೊಸ ಥರ್ಮಲ್ ಪೇಸ್ಟನ್ನು ಹಚ್ಚಿದೆವು. ಯಂತ್ರದ ಕೂಗಾಟವು ಅರ್ಧಕ್ಕರ್ಧ ನಿಂತಿತು. ಹಣ ಖರ್ಚುಮಾಡುವ ಮುನ್ನ ಎಲ್ಲರೂ ಮಾಡಬೇಕಾದ ಕೆಲಸವಿದು.

ಎರಡನೆಯದಾಗಿ, ಯಂತ್ರವು ದುಡಿಯುತ್ತಿರುವಾಗ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದೆವು. ಯಾವ ಅಂಗವು ಎಷ್ಟು ಸೋತಿದೆಯೆಂಬುದನ್ನು ಅದು ಅಂಕೆಯಲ್ಲಿ ತೋರಿಸುತ್ತದೆ. ಪ್ರೊಸೆಸರು 2012ರ ಇಂಟೆಲ್ ಐ5, ನಾಲ್ಕು ಕೋರಿನದು, ಅದಕ್ಕಿನ್ನೂ ಶಕ್ತಿಯಿದ್ದಿತು. ಆದರೆ 4 ಜಿಬಿಯ ರ್ಯಾಮು ತುಂಬಿ ತುಳುಕುತ್ತಿದ್ದಿತು. ಹಾರ್ಡ್‌ಡಿಸ್ಕು ನೂರಕ್ಕೆ ನೂರರಲ್ಲಿಯೇ ನಿಂತಿದ್ದಿತು. ಎತ್ತು ಗಟ್ಟಿಯಾಗಿದ್ದು ಗಾಲಿಯು ಹೂತುಹೋದ ಗಾಡಿಯ ಸ್ಥಿತಿಯದು. ಇಂಥ ಗಾಡಿಗೆ ಮತ್ತೊಂದು ಎತ್ತನ್ನು ಕಟ್ಟಿದರೆ ಫಲವೇನು?

ರ್ಯಾಮಿನ ವಿಷಯದಲ್ಲಿ ತಪ್ಪು ನಮ್ಮದೇ ಆಯಿತು. ಹೊಸದು ಉತ್ತಮವಾಗಿರಬೇಕೆಂದು ಮಗನನ್ನು ಕೇಳದೆಯೇ ಡಿಡಿಆರ್4 ಜಾತಿಯದನ್ನು ತಂದೆವು. ನಮ್ಮ ಮದರ್‌ಬೋರ್ಡು ಡಿಡಿಆರ್3ರದು. ಎರಡರ ಕಚ್ಚುಗಳೂ ಬೇರೆ ಬೇರೆ ಸ್ಥಳದಲ್ಲಿರುವುದರಿಂದ ಒಂದರ ಮನೆಯಲ್ಲಿ ಇನ್ನೊಂದು ಕೂರುವುದೇ ಇಲ್ಲ. ಮಗನು ನಗಲಿಲ್ಲ, "ಇರಲಿ ಬಿಡಪಾ, ಬದಲಿ ಮಾಡಿಸಿಕೊಂಡು ಬರೋಣು" ಎಂದಷ್ಟೇ ಹೇಳಿದನು. ಅಂಗಡಿಯವರು ದೊಡ್ಡ ಮನಸ್ಸು ಮಾಡಿ ಅದನ್ನು ಹಿಂದಕ್ಕೆ ತೆಗೆದುಕೊಂಡು, 8 ಜಿಬಿಯ ಹಳೆಯ ಡಿಡಿಆರ್3 ಒಂದನ್ನು 900 ರೂಪಾಯಿಗೆ ಕೊಟ್ಟರು. ಮೊದಲಿದ್ದುದನ್ನು ಕೂಡಿಸಿ 12 ಜಿಬಿ ಆಯಿತು.

ಮೂರನೆಯದು ಎಸ್‌ಎಸ್‌ಡಿ. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಅತ್ತಿತ್ತ ಓಡಾಡಿ ವಿಷಯವನ್ನು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ನಮ್ಮ ಬೋರ್ಡಿನಂಥ ಹಳೆಯದಕ್ಕೆ ಸಾಟಾ ತಂತಿಯಿಂದ ಜೋಡಿಸುವಂಥದು ಸಾಕು. 256 ಜಿಬಿಯದಕ್ಕೆ 1,700 ರೂಪಾಯಿ ತೆತ್ತೆವು. ಮೊದಲು ಯಂತ್ರದ ಗುಂಡಿಯೊತ್ತಿ ಚಹಾ ಕುಡಿದು ಬರುವಷ್ಟು ಸಮಯವಿರುತ್ತಿದ್ದಿತು. ಈಗ ಕುಳಿತು ಕನ್ನಡಕ ಹಾಕಿಕೊಳ್ಳುವುದರೊಳಗೆ ಪರದೆಯು ಸಿದ್ಧವಾಗಿರುತ್ತದೆ.

ಇಷ್ಟಾದ ಮೇಲೆಯೇ ಗ್ರಾಫಿಕ್ಸ್ ಕಾರ್ಡಿನ ಮಾತು. ಪರದೆಯ ಮೇಲಿನ ಓಟವೆಂಬುದು ಒಂದರ ಹಿಂದೊಂದು ಬರುವ ಬಿಡಿಚಿತ್ರಗಳೇ. ಸೆಕೆಂಡಿಗೆ 60 ಚಿತ್ರಗಳು ಬಂದರೆ ಆಟವು ನೀರಿನಂತೆ ಹರಿಯುತ್ತದೆ. 30ಕ್ಕೆ ಇಳಿದರೂ ಸಹಿಸಬಹುದು. ಅದಕ್ಕೂ ಕೆಳಗಾದರೆ ಕಣ್ಣಿಗೆ ಹಿಂಸೆ. ಮಗನು ಮೊದಲು ಬಯಸಿದ್ದ ದೊಡ್ಡ ಕಾರ್ಡಿಗೆ ಚಿತ್ರವನ್ನು ಒದಗಿಸುವಷ್ಟು ವೇಗವು ಈ ಪ್ರೊಸೆಸರಿಗಿಲ್ಲ. ಕಾರ್ಡಿನ ಅರ್ಧ ಶಕ್ತಿಯು ಸುಮ್ಮನೆ ಕೊಳೆಯುತ್ತಿದ್ದಿತು. ಅಲ್ಲದೆ ಅಂಥ ಕಾರ್ಡುಗಳಿಗೆ ಬೇರೆ ವಿದ್ಯುತ್ ತಂತಿಯೂ ದೊಡ್ಡ ಎಸ್‌ಎಂಪಿಎಸ್ಸೂ ಬೇಕು. ಬೋರ್ಡಿನ ಕಂಡಿಯೊಂದರಿಂದಲೇ 75 ವ್ಯಾಟು ದೊರೆಯುತ್ತದೆ. ಅಷ್ಟರಲ್ಲಿಯೇ ದುಡಿಯುವ ಕಾರ್ಡುಗಳೂ ಇವೆ. ಎನ್‌ವಿಡಿಯಾದವರು 2016ರಲ್ಲಿ ತಂದ ಜಿಟಿಎಕ್ಸ್ 1050 ಟಿಐ ಅಂಥದು. ಅದನ್ನೇ ಬಳಸಿದ್ದನ್ನು ಕೊಳ್ಳುವುದೆಂದು ಮಗನೇ ಎರಡನೆಯ ಪಟ್ಟಿಯಲ್ಲಿ ಬರೆದನು.

ಗಂಗಾವತಿಯ ನಮ್ಮ ಅಳಿಯಂದಿರು ಒಂದನ್ನು ಹುಡುಕಿಕೊಟ್ಟರು. ಬಳಸಿದ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಾರದು. ಎದುರಿಗೆ ಜೋಡಿಸಿ ಅರ್ಧ ಗಂಟೆ ಆಟವಾಡಿಸಿ, ಪರದೆಯಲ್ಲಿ ಗೆರೆಗಳು ಮೂಡುವವೋ, ಫ್ಯಾನು ಕರಕರಗುಟ್ಟುವುದೋ ಎಂದು ಪರೀಕ್ಷಿಸಿಯೇ ಹಣ ಕೊಡಬೇಕು. ಹಾಗೆಯೇ ಮಾಡಿ 4,800 ರೂಪಾಯಿಗೆ ತಂದೆವು.

ಉಳಿದುದರಲ್ಲಿ 2,300 ರೂಪಾಯಿಗಳನ್ನು 450 ವ್ಯಾಟಿನ ಹೊಸ ಎಸ್‌ಎಂಪಿಎಸ್ಸಿಗೆ ಹಾಕಿದೆವು. ಇದರಿಂದ ಆಟದ ವೇಗವು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲವೆಂದು ಮಗನು ತಕರಾರು ಮಾಡಿದನು. ಅದು ದಿಟ. ಆದರೆ ಹಳೆಯದು ಹೆಸರಿಲ್ಲದ ಸರಕು. ನಮ್ಮೂರಿನಲ್ಲಿಯೋ ವಿದ್ಯುತ್ತು ಏರಿಳಿಯುತ್ತಲೇ ಇರುತ್ತದೆ. ಅದೊಂದು ಸುಟ್ಟರೆ ಉಳಿದವನ್ನೂ ಸುಡಬಹುದು. ಅಗ್ಗದ್ದನ್ನು ಹುಡುಕತಕ್ಕ ಸ್ಥಳ ಇದಲ್ಲ. ಒಟ್ಟು ಖರ್ಚು 9,820 ರೂಪಾಯಿ. ಉಳಿದ 180ರಲ್ಲಿ ಮಿರ್ಚಿ, ಗಿರಮಿಟ್ಟುಗಳನ್ನು ತಂದು ಎಲ್ಲರೂ ತಿಂದೆವು.

ಈ ಯಂತ್ರವು ಎಲ್ಲವನ್ನೂ ಮಾಡುವುದೆಂದು ನಾವು ಹೇಳುವುದಿಲ್ಲ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5ರಂಥ ಆಟಗಳು ಸೊಗಸಾಗಿ ನಡೆಯುತ್ತವೆ. ಇತ್ತೀಚಿನ ಭಾರಿ ಆಟಗಳು ನಡೆಯವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಆದುದರಿಂದ ಬ್ಯಾಂಕಿನ ವ್ಯವಹಾರವನ್ನು ನಾವು ಇದರಲ್ಲಿ ಮಾಡುವುದಿಲ್ಲ. ಆ ವರ್ಷದ ಕೊನೆಯಲ್ಲಿ ಮೆಮೊರಿಯ ಬೆಲೆಗಳೂ ಬಹಳ ಏರಿದವು. ಈಗ ಕೊಳ್ಳುವವರು ನಮ್ಮ ಲೆಕ್ಕವನ್ನು ಹಾಗೆಯೇ ನೆಚ್ಚದೆ, ನಾವು ಹಿಡಿದ ಕ್ರಮವನ್ನು ಮಾತ್ರ ಹಿಡಿಯುವುದು ಲೇಸು: ಮೊದಲು ಧೂಳು, ಆಮೇಲೆ ಕೊರತೆಯ ಶೋಧ, ಕೊನೆಗೆ ಹಣ.

ಯಂತ್ರವು ಯಲಬುರ್ಗಾದ ಮನೆಯಲ್ಲಿಯೇ ಇದೆ. ಕೊಪ್ಪಳಕ್ಕೆ ಒಯ್ಯುವೆನೆಂದು ಮಗನೂ ಕೇಳಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದವನು ಈಗ ಪ್ರತಿ ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾನೆ. ಬಂದವನು ಮೊದಲು ಅಡಿಗೆಮನೆಗೆ ಹೋಗಿ ತಾಯಿಯ ಮುಂದೆ ಕುಳಿತು ರೊಟ್ಟಿ ತಿನ್ನುತ್ತಾನೆ, ಅನಂತರ ಆಟ. ಆ ಅಂಗಡಿಯತ್ತ ಹೋಗುವುದನ್ನು ನಾವು ಬಿಡಿಸಿದೆವೆನ್ನುವುದಕ್ಕಿಂತ ಅದು ತಾನಾಗಿಯೇ ಬಿಟ್ಟುಹೋಯಿತೆನ್ನಬೇಕು. ಒಂದು ರವಿವಾರ ನಮ್ಮನ್ನೂ ಕೂರಿಸಿ ಹಳೆಯ ಕ್ರಿಕೆಟ್ ಆಟವೊಂದರಲ್ಲಿ ಬ್ಯಾಟು ಹಿಡಿಸಿದನು. ಮೊದಲನೆಯ ಚೆಂಡಿಗೇ ಔಟಾದೆವು. ಮನೆಯಾಕೆಯು ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಕಳೆದ ಸಲ ಕೊಪ್ಪಳಕ್ಕೆ ಹೋದಾಗ ಖಾನಾವಳಿಯಲ್ಲಿ ಎರಡು ಹೊತ್ತಿನ ಹಣವನ್ನು ಕಟ್ಟಿದೆವು. ಆ ತಾಯಿಯು ಎಣಿಸಿಕೊಳ್ಳುತ್ತ, "ಈಗ ರಾತ್ರಿ ಒಂದ ರೊಟ್ಟಿ ಹೆಚ್ಚಿಗೆ ಕೇಳ್ತಾನ್ರಿ" ಎಂದು ದೂರುವಂತೆ ಹೇಳಿದಳು. ಆ ದೂರನ್ನು ಕೇಳಲಿಕ್ಕಾಗಿಯೇ ನಾವು ಅಲ್ಲಿಗೆ ಹೋಗಿದ್ದೆವು.