ನ್ಯಾಮತಿ ಎಲ್ಲಿ ಹೋಯ್ತು?

ನಮ್ಮ ಕಡೆಯವರನ್ನ ‘ಯಾವ ಜಿಲ್ಲೆ?’ ಅಂತ ಕೇಳೋ ಮುಂಚೆ ವಯಸ್ಸು ಕೇಳ್ಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆ ಸೇರಿದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ.

ಜನರಿಗೆ ಇದು ಕಟ್ಟೆ ಹರಟೆ. ಡೇಟಾಬೇಸ್ ನೋಡಿಕೊಳ್ಳೋರಿಗೆ ತಲೆನೋವು.

ಹನಿ ನೀರಾವರಿ ಪೈಪ್ ಮಾರೋ ಒಂದು ಕಂಪನಿಯ ದೂರುಗಳ ಟೇಬಲ್ ನನ್ನ ಕೈಗೆ ಬಂತು. ತಾಲ್ಲೂಕುವಾರು ವರದಿಯಲ್ಲಿ ನ್ಯಾಮತಿ ಇರಲೇ ಇಲ್ಲ. ದೂರುಗಳು ಇದ್ದವು, ಆದರೆ ತಾಲ್ಲೂಕುಗಳ ಟೇಬಲ್ ಹಳೇದು. ಇನ್ನರ್ ಜಾಯಿನ್‌ಗೆ ಎರಡೂ ಕಡೆ ಹೊಂದೋ ಸಾಲುಗಳು ಮಾತ್ರ ಬೇಕು, ಉಳಿದದ್ದನ್ನ ಒಂದು ಎರರ್ ಕೂಡ ಕೊಡದೆ ಕೈಬಿಡುತ್ತೆ. ಕ್ವೆರಿ ಓಡುತ್ತೆ, ಮೊತ್ತ ಬರುತ್ತೆ, ಮೀಟಿಂಗ್ ಮುಗಿಯುತ್ತೆ. ಏಪ್ರಿಲ್ ಬಿಸಿಲಲ್ಲಿ ಅಡಿಕೆ ತೋಟದವನು ಮೆಕ್ಯಾನಿಕ್ ದಾರಿ ಕಾಯ್ತಾ ಕೂತಿರ್ತಾನೆ.

ಹಾಗಾಗಿ ಯಾವ ವರದಿ ಕಳಿಸೋ ಮುಂಚೆಯೂ ನಾನು ಅದೇ ಕ್ವೆರಿಗೆ ಲೆಫ್ಟ್ ಜಾಯಿನ್ ಹಾಕಿ, ಬಲಗಡೆ ಕೋಡ್ ನಲ್ ಇರೋ ಸಾಲುಗಳನ್ನಷ್ಟೇ ಕೇಳ್ತೀನಿ. ಉತ್ತರ ಖಾಲಿ ಬಂದ್ರೆ ನೆಮ್ಮದಿ.

ಹೆಸರನ್ನ ಕೀ ಮಾಡೋದಂತೂ ಬೇಡವೇ ಬೇಡ. ಚನ್ನಗಿರಿಯನ್ನ ಚೆನ್ನಗಿರಿ ಅಂತ ಬರೆಯೋರಿದ್ದಾರೆ. ಇಂಗ್ಲಿಷಿನಲ್ಲಿ ಜಗಳೂರಿನ ಕೊನೆಗೆ ‘ಯು’ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಗಳಿಗೆಲ್ಲ ಕೋಡ್ ಇದೆ. ಜೋಡಣೆಗೆ ಅದು, ಪರದೆ ಮೇಲೆ ತೋರಿಸೋಕೆ ಹೆಸರು.

ಆಮೇಲೆ ಬರೋದು ದೊಡ್ಡ ಆಸೆ: ಒಂದೇ ಅಪ್‌ಡೇಟ್‌ನಲ್ಲಿ ಆ ಹಳ್ಳಿಗಳ ಹಳೇ ದಾಖಲೆಗಳನ್ನೆಲ್ಲ ಹೊನ್ನಾಳಿಯಿಂದ ನ್ಯಾಮತಿಗೆ ಎತ್ತಿ ಹಾಕೋದು. ಆಗ 2015ರ ವರದಿಯಲ್ಲೂ ನ್ಯಾಮತಿ ತಾಲ್ಲೂಕು ಕಾಣಿಸುತ್ತೆ, ಆಗ ಇಲ್ಲದೇ ಇದ್ದದ್ದು! ಹಳ್ಳಿ ಜಾಗ ಬಿಟ್ಟು ಕದಲಿಲ್ಲ, ತಾಲ್ಲೂಕು ಬದಲಾಯ್ತು ಅಷ್ಟೆ. ಅದಕ್ಕೇ ಬೇರೆ ಟೇಬಲ್: ಹಳ್ಳಿ ಕೋಡ್, ತಾಲ್ಲೂಕು ಕೋಡ್, ಯಾವತ್ತಿಂದ, ಯಾವತ್ತಿನವರೆಗೆ. ದೂರಿನ ತಾರೀಖು ಯಾವ ಅವಧಿಗೆ ಬೀಳುತ್ತೋ ಅದೇ ತಾಲ್ಲೂಕು. ಈಗಿನದಕ್ಕೆ ಕೊನೆ ತಾರೀಖು ನಲ್ ಬಿಡದೆ 9999ರ ಡಿಸೆಂಬರ್ 31 ಹಾಕಿಬಿಡಿ, ಕ್ವೆರಿ ಸರಳ. ಇಲ್ಲಿ ‘ಬಿಟ್ವೀನ್’ ಬಳಸಬೇಡಿ. ಅದು ಎರಡೂ ತುದಿ ಸೇರಿಸಿಕೊಳ್ಳೋದರಿಂದ, ಹಳೇ ಅವಧಿ ಮುಗಿಯೋ ತಾರೀಖೇ ಹೊಸದರ ಮೊದಲ ದಿನವಾಗಿದ್ದರೆ ಆ ದಿನದ ದೂರು ಹೊನ್ನಾಳಿಯಲ್ಲೂ ಬರುತ್ತೆ, ನ್ಯಾಮತಿಯಲ್ಲೂ ಬರುತ್ತೆ. ಶುರುವಿನ ತಾರೀಖಿಗೆ ಸಮ ಅಥವಾ ಹೆಚ್ಚು, ಕೊನೆಯದಕ್ಕಿಂತ ಕಡಿಮೆ ಅಂತ ಬರೀರಿ.