ಎಲೆಗೂ ಜ್ವರ

ಪಿಂಚಣಿ ಪಡೆದ ಗಂಡಸು ಹಳ್ಳಿಗೆ ಹೊರಟನೆಂದರೆ ಯಾವುದಾದರೊಂದು ಸುಧಾರಣೆಯನ್ನು ಕೈಚೀಲದಲ್ಲಿಟ್ಟುಕೊಳ್ಳದೆ ಹೊರಡುವುದಿಲ್ಲ. ಕಳೆದ ಮಾರ್ಚಿನಲ್ಲಿ ಸಕಲೇಶಪುರದ ಕಡೆಯ ಅಕ್ಕನ ತೋಟಕ್ಕೆ ಹೋದಾಗ ನನ್ನ ಚೀಲದಲ್ಲಿದ್ದುದು ಒಂದು ಉಷ್ಣಮಾಪಕ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ನಮ್ಮ ಹಣೆಗೆ ಗುರಿಯಿಡುತ್ತಿದ್ದರಲ್ಲ, ಅದೇ ಕುಲದ್ದು. ಮುಟ್ಟದೆಯೇ ಶಾಖವನ್ನು ಹೇಳುವಂಥದು.

ಭಾವನವರು ತೀರಿಕೊಂಡ ಮೇಲೆ ತೋಟದ ಭಾರವೆಲ್ಲ ಅಕ್ಕನದೇ. ರೊಬಸ್ಟಾ ಗಿಡಗಳು. ಹೂಮಳೆ ಬಾರದುದರಿಂದ ಫೆಬ್ರವರಿಯಲ್ಲಿ ಕೆರೆಯ ನೀರನ್ನೇ ಸ್ಪ್ರಿಂಕ್ಲರಿನಲ್ಲಿ ಹೊಡೆಸಿ ಹೂ ಬಿಡಿಸಿದ್ದಳು. ಆ ಹೂವು ಕಾಯಾಗಿ ನಿಲ್ಲಬೇಕಾದರೆ ಕೆಲವು ವಾರಗಳೊಳಗೆ ಇನ್ನೊಮ್ಮೆ ನೀರು ಬೇಕು; ತೋಟದವರು ಅದನ್ನು ಬ್ಯಾಕಿಂಗ್ ಎನ್ನುತ್ತಾರೆ. ಕೆರೆಯಲ್ಲಿ ಉಳಿದಿದ್ದುದೋ ಒಂದು ಪಾಲಿಗೆ ಮಾತ್ರ ಸಾಲುವಷ್ಟು. ಮೇಲಿನ ದಿಣ್ಣೆಗೆ ಕೊಡುವುದೋ, ಕೆಳಗಿನ ಗದ್ದೆಯಂಚಿನ ಪಾಲಿಗೋ? ವರ್ಷದ ಸಂಸಾರವೇ ಆ ಪ್ರಶ್ನೆಯ ಮೇಲೆ ನಿಂತಿತ್ತು.

ನಾನು ಶಾಸ್ತ್ರವನ್ನು ಬಿಚ್ಚಿದೆ. ಕಾಫಿಯ ಎಲೆ ತನ್ನ ತಳಭಾಗದ ಸಣ್ಣ ರಂಧ್ರಗಳಿಂದ ನೀರನ್ನು ಆವಿಯಾಗಿ ಬಿಡುತ್ತದೆ. ಬೆವರಿದ ಮೈಯಂತೆ ತಣ್ಣಗಿರುತ್ತದೆ. ಬೇರಿಗೆ ನೀರು ಸಿಕ್ಕದಾದಾಗ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಲೆ ಕಾಯುತ್ತದೆ. ಬಾಡಿ ಜೋಲುವುದಕ್ಕೆ ಮೊದಲೇ ಶಾಖ ಸುಳಿವು ಕೊಡುತ್ತದೆ. ಅಮೆರಿಕದ ಅರಿಜೋನಾದಲ್ಲಿ ಇಡ್ಸೋ, ಜಾಕ್ಸನ್ ಮೊದಲಾದ ವಿಜ್ಞಾನಿಗಳು 1981ರಲ್ಲಿ ಇದರಿಂದಲೇ ಬೆಳೆಯ ಬಾಯಾರಿಕೆಯನ್ನು ಅಳೆಯುವ ಲೆಕ್ಕವನ್ನು ಪ್ರಕಟಿಸಿದರು. ಅಕ್ಕ ಹುಳಿಗೆ ಒಗ್ಗರಣೆ ಹಾಕುತ್ತಲೇ ಎಲ್ಲವನ್ನೂ ಕೇಳಿದಳು.

ಮರುದಿನ ತಿಂಡಿಗೆ ಮುಂಚೆ ದಿಣ್ಣೆಯನ್ನು ಅಳೆದೆ. ಊಟ ಮುಗಿಸಿಕೊಂಡು ಕೆಳಗಿನ ಪಾಲಿಗೆ ಇಳಿದೆ. ಕೆಳಗಿನ ಎಲೆಗಳು ಸುಡುತ್ತಿದ್ದವು! ಸಂಜೆಯೇ ಅಲ್ಲಿಗೆ ಮೋಟಾರು ಹಾಕಿಸಿದೆ. ಎರಡು ಗಂಟೆ ನೀರು ಹೋದ ಮೇಲೆ ಅಕ್ಕ ನನ್ನ ಬರಹದ ಚೀಟಿಯನ್ನು ನೋಡಿದಳು.

"ಅಲ್ಲವೋ, ಜ್ವರದ ಮಗುವನ್ನು ಮಧ್ಯಾಹ್ನ ಒಲೆಯ ಮುಂದೆ ಕೂರಿಸಿ ಹಣೆ ಮುಟ್ಟುತ್ತಾರೇನೋ?"

ಮೋಟಾರು ನಿಂತಿತು. ನನ್ನ ಮೂವತ್ತು ವರ್ಷಗಳ ಕಚೇರಿಯ ಲೆಕ್ಕಪತ್ರದ ಅನುಭವವೂ ಅದರೊಂದಿಗೆ ನಿಂತಿತು.

ಉಪಾಯವನ್ನು ಹೇಳಿದವಳೂ ಅಕ್ಕನೇ. ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಗಿಡಗಳಿವೆ. ಬೇಸಗೆಯೆಂಬುದೇ ಅವಕ್ಕೆ ಗೊತ್ತಿಲ್ಲ. ಅವನ್ನೇ ಆರೋಗ್ಯವಂತರೆಂದು ಹಿಡಿದು, ಒಂದೇ ಹೊತ್ತಿನಲ್ಲಿ, ಒಂದೇ ಬಗೆಯ ಬಿಸಿಲಿನಲ್ಲಿರುವ ಎಲೆಗಳನ್ನು ಹೋಲಿಸಬೇಕು. ಹಾಲುವಾಣದ ನೆರಳಿನ ಎಲೆ ಲೆಕ್ಕಕ್ಕಿಲ್ಲ. ಗಾಳಿ ಬೀಸುವಾಗಲೂ ಅಳೆಯಬಾರದು. ಆದರೂ ಒಂದು ವಿಚಿತ್ರ: ಮಧ್ಯಾಹ್ನ ಎರಡು ಗಂಟೆಗೆ ಬಚ್ಚಲ ಗಿಡಗಳೇ ಬಿಸಿಯಾಗಿದ್ದವು. ಕಾಲ ಬುಡ ಒದ್ದೆಯಿದ್ದರೂ ಒಣಗಾಳಿಗೆ ಕಾಫಿಗಿಡ ರಂಧ್ರಗಳನ್ನು ಮುಚ್ಚಿಕೊಳ್ಳುವುದುಂಟು. ಆದುದರಿಂದ ಹತ್ತೂವರೆಯ ಹೊತ್ತನ್ನು ಗೊತ್ತುಮಾಡಿದೆವು. ಕೆಲಸದ ಹುಡುಗ ಕೆಳಗಿನ ಪಾಲಿನಿಂದ ದಿಣ್ಣೆಗೆ ನನ್ನೊಡನೆ ಓಡಿದ, ನಾನು ಏದುಸಿರುಬಿಟ್ಟೆ.

ಮೂರು ದಿನವೂ ಒಂದೇ ಉತ್ತರ. ಬಚ್ಚಲ ಗಿಡಕ್ಕಿಂತ ಕೆಳಗಿನ ಪಾಲು ಒಂದು ಡಿಗ್ರಿಯೂ ಹೆಚ್ಚಿರಲಿಲ್ಲ; ದಿಣ್ಣೆ ಮೂರು ಡಿಗ್ರಿ ಮೇಲಿತ್ತು. ಕಣ್ಣಿಗೆ ಎರಡೂ ಒಂದೇ ಹಸುರು.

ದಿಣ್ಣೆಗೆ ನೀರು ಬಿಟ್ಟೆವು. ಕೊನೆಯ ಎರಡು ಸಾಲು ಉಳಿದಿರುವಾಗ ಪಂಪು ಕೆಸರು ಕಾರಿತು. ಆ ಎರಡು ಸಾಲಿನ ನೀರು ಎಲ್ಲಿಗೆ ಹೋಯಿತೆಂದು ಅಕ್ಕ ಕೇಳಲಿಲ್ಲ.

ಏಪ್ರಿಲಿನಲ್ಲಿ ಮಳೆ ಬಂತು. ಕೆಳಗಿನ ಪಾಲು ಅಷ್ಟರವರೆಗೆ ತಡೆದುಕೊಂಡಿತಂತೆ. ದಿಣ್ಣೆಯಲ್ಲಿಯೂ ಕಾಯಿ ಚೆನ್ನಾಗಿ ಕಚ್ಚಿದೆಯಂತೆ. ಕೊನೆಯ ಎರಡು ಸಾಲಿಗೆ ಮಾತ್ರ ಮನೆಯಲ್ಲೀಗ 'ತಮ್ಮನ ಸಾಲು' ಎಂದು ಹೆಸರು. ಹಣ್ಣಾದಾಗ ಬಂದು ನೀನೇ ಕೊಯ್ದುಕೊಡು, ಒಂದು ಬುಟ್ಟಿ ಸಾಕಾದೀತು ಎಂದು ಅಕ್ಕ ಮೊನ್ನೆ ಫೋನಿನಲ್ಲಿ ಹೇಳಿದಳು.